ಅಕ್ಟೋಬರಿನ ಕೊನೆಯ ಶನಿವಾರ

“ಬಾಗಿಲು ತೆಗೀರಿ ಮೇಡಂ! ನನ್ನ ತಂಗಿ ಒಳಗಿದಾಳೆ!”

“ಮೆಲ್ಲಗೆ ಮಾತಾಡಿ. ಒಳಗೆ ಪರೀಕ್ಷೆ ನಡೀತಿದೆ.”

“ಗೊತ್ತು! ಅದಕ್ಕೇ ಓಡಿ ಬಂದೆ. ಕನ್ನಡಕ ಮನೇಲೇ ಬಿಟ್ಟು ಬಂದಿದಾಳೆ!”

ಬಾಗಿಲಿಗೆ ಬೆನ್ನು ಕೊಟ್ಟು ನಿಂತವಳು ಕದಲಲಿಲ್ಲ. ಎದುರಿಗಿದ್ದವನು ಮೂರು ಮಹಡಿಯನ್ನೂ ಓಡಿಕೊಂಡೇ ಹತ್ತಿ ಬಂದಿದ್ದ. ಏದುಸಿರು... ಹಣೆಯ ತುಂಬ ಬೆವರು... ಬಲಗೈಯಲ್ಲಿ ಒಂದು ಪುಟ್ಟ ಕನ್ನಡಕ.

“ಈ ಭಾಗ ಮುಗಿಯೋಕೆ ಇನ್ನು ಹನ್ನೊಂದು ನಿಮಿಷ ಇದೆ. ಆಮೇಲೆ ನಾನೇ ಕೊಡ್ತೀನಿ.”

“ಅಲ್ಲೀವರೆಗೆ ಅವಳೇನು ಮಾಡ್ಬೇಕು? ಪೇಪರ್ ಮೂಸಿ ನೋಡಿ ಉತ್ತರ ಬರೀಬೇಕಾ?”

ಅವಳಿಗೆ ನಗು ಉಕ್ಕಿ ಬಂತು. ಕಷ್ಟಪಟ್ಟು ನುಂಗಿಕೊಂಡಳು.

“ಇದು ಬರೀ ಮಾಕ್ ಟೆಸ್ಟ್ ರೀ. ನಿಜವಾದ ಪರೀಕ್ಷೆ ದಿನ ಮರೆತರೆ ಯಾರೂ ತಂದುಕೊಡಲ್ಲ. ಪೆಟ್ಟು ತಿನ್ನೋದಾದ್ರೆ ಇವತ್ತೇ ತಿನ್ನಲಿ.”

“ನಿಮಗೆ ಕರುಣೆ ಅನ್ನೋದು ಇದೆಯಾ?”

“ಇದೆ. ಈಗ ಹತ್ತೇ ನಿಮಿಷ ಉಳಿದಿದೆ.”

ಅವನು ಮೆಟ್ಟಿಲ ಮೇಲೆ ಧಪ್ಪನೆ ಕುಳಿತ. ಎರಡು ನಿಮಿಷ ಮುಖ ಊದಿಸಿಕೊಂಡಿದ್ದವನು ಇದ್ದಕ್ಕಿದ್ದಂತೆ ತಲೆಯೆತ್ತಿ ಅವಳನ್ನೇ ದಿಟ್ಟಿಸತೊಡಗಿದ.

‘ಏನಿವನು! ಹೀಗಾ ನೋಡೋದು?’

“ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ,” ಅಂದ. “ಸಂಜೆ ಹೊತ್ತಿಗೆ ತಲೆನೋವು ಬರುತ್ತಲ್ವಾ? ಕೊಡಿ ಇಲ್ಲಿ.”

ಬರುತ್ತಿತ್ತು. ದಿನಾ ಬರುತ್ತಿತ್ತು! ಯಾವ ಮಾಯದಲ್ಲೋ ಅವಳ ಕೈ ಕನ್ನಡಕ ತೆಗೆದು ಅವನಿಗೆ ಕೊಟ್ಟೇಬಿಟ್ಟಿತು. ಅವನು ಜೇಬಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದು, ಒಂದು ತಿರುಪು ಬಿಗಿಮಾಡಿ, ಕನ್ನಡಕದ ಕಡ್ಡಿಯನ್ನು ನಯವಾಗಿ ಬಗ್ಗಿಸಿ, ಅಂಗಿಯ ಅಂಚಿನಿಂದ ಗಾಜು ಒರೆಸಿ ಮರಳಿ ಕೊಟ್ಟ.

“ಈಗ ಹಾಕ್ಕೊಂಡು ನೋಡಿ.”

ಅವಳು ನೋಡಿದಳು. ಮಸುಕಾಗಿದ್ದ ಮುಖ ಸ್ಪಷ್ಟವಾಯಿತು. ಸಿಟ್ಟು ಇಳಿದ ಮೇಲೆ ಆ ಕಣ್ಣುಗಳು ಎಷ್ಟು ತಿಳಿಯಾಗಿದ್ದವು!

‘ನೋಡಬಾರದಿತ್ತು...’ ಅನಿಸಿತು ಅವಳಿಗೆ.

*

ಅವಳಿಗೆ ಮಕ್ಕಳು ಇಟ್ಟ ಹೆಸರು ತಾರೀಖಕ್ಕ. ಹೊಲಿಗೆ ಅಂಗಡಿಯ ಮೇಲಿದ್ದ ಆ ಕೋಚಿಂಗ್ ಸೆಂಟರಿನಲ್ಲಿ ಅವಳು ಪಾಠ ಮಾಡುತ್ತಿರಲಿಲ್ಲ. ಯಾವ ಮಗು ಯಾವ ಪರೀಕ್ಷೆಯನ್ನು ಯಾವ ತಿಂಗಳು ಬರೆಯಬೇಕು, ಅಂಕ ಯಾವತ್ತು ಬರುತ್ತದೆ, ಕಾಲೇಜಿನ ಬಾಗಿಲು ಯಾವತ್ತು ಮುಚ್ಚುತ್ತದೆ... ಇದನ್ನೆಲ್ಲ ಕೂಡಿಸಿ ಕಳೆದು ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಮಾಡಿಕೊಡುವುದು ಅವಳ ಕೆಲಸ. ಏಳು ವರ್ಷದಲ್ಲಿ ಒಂದು ದಿನಾಂಕವೂ ತಪ್ಪಿರಲಿಲ್ಲ. ಅವಳ ಮೇಜಿನ ಹಿಂದೆ ಗೋಡೆಯ ಮೇಲೆ ಅವಳದೇ ಕೈಬರಹ: “ಕೊನೆಯ ತಾರೀಖನ್ನು ನಂಬಬೇಡಿ. ಇನ್ನೊಂದು ತಾರೀಖು ಕೈಯಲ್ಲಿರಲಿ.”

ಅವನದು ಎರಡು ರಸ್ತೆ ಆಚೆ ಪುಟ್ಟ ಕನ್ನಡಕದ ಅಂಗಡಿ. ಅಪ್ಪನ ಕಾಲದ್ದು. ಅಪ್ಪ ತೀರಿಹೋದಾಗ ಅವನಿಗೆ ಹದಿನೆಂಟು, ತಂಗಿಗೆ ಏಳು. ಅಮ್ಮ ಮೊದಲೇ ಇರಲಿಲ್ಲ. ಅಂದಿನಿಂದ ತಂಗಿಯ ಜಡೆ ಹೆಣೆದಿದ್ದೂ ಅವನೇ, ಜ್ವರಕ್ಕೆ ಹಣೆ ಒತ್ತಿದ್ದೂ ಅವನೇ, ಶಾಲೆಯಲ್ಲಿ ಬೈಸಿಕೊಂಡಿದ್ದೂ ಅವನೇ. ಚಿಕ್ಕಂದಿನಲ್ಲಿ ಗಾಜಿನ ತೊಟ್ಟಿಯ ಮೀನುಗಳ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ ಅಂತ ತಂಗಿಗೆ ಅವನಿಟ್ಟ ಹೆಸರು ಮೀನು.

ಮೀನುವಿಗೆ ಈಗ ಹದಿನೇಳು. ಓದಿದರೆ ಕಡಲ ಜೀವಿಗಳ ಬಗ್ಗೆಯೇ ಓದಬೇಕು, ಅದೂ ಸಮುದ್ರದ ದಂಡೆಯ ಮೇಲಿರುವ ಆ ಒಂದು ಕಾಲೇಜಿನಲ್ಲೇ! ಅಲ್ಲಿರುವುದು ವರ್ಷಕ್ಕೆ ನಲವತ್ತೇ ಸೀಟು. ನವೆಂಬರ್ ಹದಿನೈದಕ್ಕೆ ಅರ್ಜಿಯೂ ಅಂಕವೂ ಒಟ್ಟಿಗೆ ತಲುಪಿರಬೇಕು. ಹಲವು ಕಾಲೇಜುಗಳಿಗೆ ಒಂದೇ ಆದ ಆ ಪ್ರವೇಶ ಪರೀಕ್ಷೆಗೆ ಎರಡು ಅವಕಾಶ: ಆಗಸ್ಟಿನ ಕೊನೆಯ ಶನಿವಾರ, ಇಲ್ಲವೇ ಅಕ್ಟೋಬರಿನ ಕೊನೆಯ ಶನಿವಾರ. ಎರಡೂ ಬರೆದರೆ ಕಡಿಮೆ ಬಂದ ಅಂಕವೂ ಕಾಲೇಜಿನವರ ಕಣ್ಣಿಗೆ ಬೀಳುತ್ತದೆ.

“ಆಗಸ್ಟ್ ಬರೀಲಿ,” ಅಂದಿದ್ದಳು ತಾರೀಖಕ್ಕ ಮೊದಲ ದಿನವೇ.

ಅಲ್ಲಿಂದ ಪ್ರತಿ ಶನಿವಾರ ಮೀನುವಿನ ಜೊತೆ ಅವನೂ ಬರತೊಡಗಿದ. ತರಗತಿ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತು ಕಂಡ ಕಂಡವರ ಕನ್ನಡಕ ಸರಿಮಾಡುತ್ತಿದ್ದ.

“ಈ ಸೆಂಟರಲ್ಲಿ ಈಗ ಒಂದು ಕನ್ನಡಕವೂ ಸೊಟ್ಟಗಿಲ್ಲ,” ಅಂದಳು ಒಂದು ದಿನ ಮುಂದಿನ ಮೇಜಿನಲ್ಲಿ ಕೂತು ಫೀಸು ಕಟ್ಟಿಸಿಕೊಳ್ಳುತ್ತಿದ್ದ ಅಕ್ಕ. “ಆದ್ರೂ ಪುಣ್ಯಾತ್ಮ ಬರೋದು ತಪ್ಪಿಸಲ್ಲ. ಯಾಕೋ?”

“ನನಗೇನು ಗೊತ್ತು!” ಅಂದಳು ತಾರೀಖಕ್ಕ. ಕಿವಿಯವರೆಗೂ ಕೆಂಪಾಗಿತ್ತು.

ಅದೇ ಬೆಂಚಿನ ಮೇಲೆ ಅವನು ತನ್ನ ಕಥೆ ಹೇಳಿಕೊಂಡಿದ್ದ. ಹದಿನೆಂಟರಲ್ಲಿ ತಾನೂ ಇದೇ ಪರೀಕ್ಷೆಗೆ ಹೆಸರು ಕೊಟ್ಟಿದ್ದು... ಆ ಬೆಳಗ್ಗೆ ಪರೀಕ್ಷೆಯ ಹಾಲ್‌ನಲ್ಲಿ ಇರಬೇಕಾದವನು ಆಸ್ಪತ್ರೆಯಲ್ಲಿ ಅಪ್ಪನ ಕಾಲ ಬುಡದಲ್ಲಿ ನಿಂತಿದ್ದು...

“ಬೇಜಾರಾಗಲ್ವಾ?” ಕೇಳಿದಳು.

“ಮೀನು ಬರೆದ್ರೆ ನಾನು ಬರೆದಂಗೇ ಅಲ್ವಾ?” ಅಂತ ನಕ್ಕ. ನಗು ತುಟಿಯಿಂದ ಕಣ್ಣಿನವರೆಗೆ ಬರಲಿಲ್ಲ.

ಅವಳಿಗೆ ಅವನ ಕೈಮೇಲೆ ಕೈ ಇಡಬೇಕು ಅನಿಸಿತು. ಇಡಲಿಲ್ಲ.

*

ಜುಲೈ ಕೊನೆ. ಮೂರನೇ ಮಾಕ್ ಟೆಸ್ಟ್ ನಡೆಯುತ್ತಿತ್ತು. ಮೀನು ಮಧ್ಯದಲ್ಲೇ ಎದ್ದು ಹೋದವಳು ಹತ್ತು ನಿಮಿಷವಾದರೂ ಬರಲಿಲ್ಲ. ತಾರೀಖಕ್ಕ ಹುಡುಕಿಕೊಂಡು ಹೋದರೆ ಕೈತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಎರಡೂ ಕೈ ಗಡಗಡ ನಡುಗುತ್ತಿದ್ದವು.

“ಅಕ್ಕಾ... ಉತ್ತರ ಗೊತ್ತಿರುತ್ತೆ. ಗಡಿಯಾರ ನೋಡಿದ ತಕ್ಷಣ ಎಲ್ಲಾ ಮರೆತುಹೋಗುತ್ತೆ. ಉಸಿರು ಕಟ್ಟುತ್ತೆ...”

“ಎಷ್ಟು ದಿನದಿಂದ ಹೀಗೆ?”

“ಮೊದಲಿಂದಾನೂ. ಆಗಸ್ಟ್ ಬೇಡ ಅಕ್ಕ. ದಮ್ಮಯ್ಯ, ಇನ್ನು ಸ್ವಲ್ಪ ಟೈಮ್ ಕೊಡ್ಸಿ.”

“ಅಣ್ಣನಿಗೆ ಹೇಳೋಣ ಮೀನು.”

“ಬೇಡ!” ಹುಡುಗಿ ಅವಳ ತೋಳು ಹಿಡಿದುಕೊಂಡಳು. “ಅವನು ನನಗೋಸ್ಕರ ಓದನ್ನೇ ಬಿಟ್ಟೋನು. ನಾನು ಹೆದರಿಕೊಂಡು ಕೂತಿದೀನಿ ಅಂದ್ರೆ ಎದೆ ಒಡ್ಕೋತಾನೆ. ಯಾವತ್ತೂ ಹೇಳಲ್ಲ ಅಂತ ಮಾತು ಕೊಡಿ.”

ಅವಳು ಮಾತು ಕೊಟ್ಟಳು.

ಆ ದಿನ ಮಧ್ಯಾಹ್ನ ಲೆಕ್ಕ ಹಾಕುತ್ತ ಕೂತಳು. ಅಕ್ಟೋಬರಿನ ಕೊನೆಯ ಶನಿವಾರ ಬರೆದರೆ ಹದಿಮೂರು, ಹದಿನಾಲ್ಕು ದಿನಕ್ಕೆ ಅಂಕ ಬರುತ್ತದೆ. ಅಂದರೆ ನವೆಂಬರ್ ಹತ್ತರ ಸುಮಾರಿಗೆ. ಐದು ದಿನ ಉಳಿಯುತ್ತದೆ. ಪ್ರತಿ ವರ್ಷವೂ ಹಾಗೇ ಬಂದಿದೆ...

ಆದರೆ ಅದು ಕೊನೆಯ ತಾರೀಖು. ಗೋಡೆಯ ಮೇಲಿನ ಅಕ್ಷರ ಬೆನ್ನಿಗೆ ಚುಚ್ಚಿತು.

‘ಮಗುವಿಗೋಸ್ಕರ ತಾನೇ?’ ಅಂತ ತನ್ನನ್ನೇ ಕೇಳಿಕೊಂಡಳು. ಹೌದು, ಮಗುವಿಗೋಸ್ಕರವೇ. ಆದರೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಪುಟ್ಟ ಸಂತೋಷ ಕಣ್ಣು ಬಿಟ್ಟಿತು... ಇನ್ನೂ ಎರಡು ತಿಂಗಳು ಅವನು ಬರುತ್ತಾನೆ!

ಅದನ್ನು ಅವಳು ತಕ್ಷಣ ಅದುಮಿಬಿಟ್ಟಳು. ಆದರೆ ಅದು ಅಲ್ಲಿತ್ತು.

“ಅಕ್ಟೋಬರ್ ಮಾಡೋಣ,” ಅಂದಳು ಅವನಿಗೆ. “ಅವಳಿಗೆ ಇನ್ನೂ ಅಭ್ಯಾಸ ಬೇಕು.”

“ನೀವು ಹೇಳಿದ್ಮೇಲೆ ಮುಗೀತು.” ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅವನು.

“ಹಾಗಾದ್ರೆ ಇನ್ನೆರಡು ತಿಂಗಳು ಇವರ ದರ್ಶನ ಗ್ಯಾರಂಟಿ!” ಅಂತ ಮುಂದಿನ ಮೇಜಿನ ಅಕ್ಕ ಛೇಡಿಸಿದಾಗ ಮೂವರೂ ನಕ್ಕಿದ್ದರು.

ಆ ಎರಡು ತಿಂಗಳು! ತರಗತಿ ಮುಗಿದ ಮೇಲೆ ತಾರೀಖಕ್ಕ ಮೀನುವನ್ನು ಪಕ್ಕದ ಖಾಲಿ ಕೋಣೆಗೆ ಕರೆದೊಯ್ದು ಉಸಿರು ಎಳೆದು ಬಿಡುವುದನ್ನು ಕಲಿಸುತ್ತಿದ್ದಳು, ಗಡಿಯಾರ ಎದುರಿಗಿಟ್ಟು ಮೊದಲು ಐದು ನಿಮಿಷ, ಆಮೇಲೆ ಹತ್ತು, ಆಮೇಲೆ ಇಪ್ಪತ್ತು ನಿಮಿಷ ಬರೆಸುತ್ತಿದ್ದಳು. ಕೈ ನಿಧಾನವಾಗಿ ಮಾತು ಕೇಳತೊಡಗಿತು.

ಸೆಪ್ಟೆಂಬರಿನ ಒಂದು ಶನಿವಾರ ಅವನು ಬೆಂಚಿನಿಂದ ಎದ್ದು ನೇರವಾಗಿ ಅವಳ ಮೇಜಿನ ಮುಂದೆ ಬಂದು ನಿಂತ.

“ಸುತ್ತಿ ಬಳಸಿ ಹೇಳೋಕೆ ಬರಲ್ಲ ನನಗೆ. ನೀವಂದ್ರೆ ನನಗೆ ತುಂಬಾ ಇಷ್ಟ.”

‘ನನಗೂ!’ ಅನ್ನುವುದು ಅವಳ ನಾಲಿಗೆಯ ತುದಿಯವರೆಗೆ ಬಂತು. ಆದರೆ ಒಂದು ಗುಟ್ಟು ಇಟ್ಟುಕೊಂಡು ಇವನಿಗೆ ಹೇಗೆ ಹೂಂ ಅನ್ನಲಿ?

“ಪರೀಕ್ಷೆ ಮುಗೀಲಿ...” ಅಂದಳು ತಲೆ ತಗ್ಗಿಸಿ.

*

ಅಕ್ಟೋಬರಿನ ಕೊನೆಯ ಶನಿವಾರ ಮೀನು ಕುಣಿಯುತ್ತ ಹೊರಗೆ ಬಂದಳು. ತಾರೀಖಕ್ಕನ ಕಿವಿಯಲ್ಲಿ, “ಅಕ್ಕ, ಕೈ ನಡುಗಲೇ ಇಲ್ಲ!” ಅಂದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಹೆಂಗಸರ ಈ ಅಳು ಅರ್ಥವಾಗದೆ ಅವನು ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದ.

ನವೆಂಬರ್ ಒಂಬತ್ತು. ಅಂಕ ಬರಲಿಲ್ಲ.

ಹತ್ತು. ಬರಲಿಲ್ಲ.

ಹನ್ನೊಂದರ ಬೆಳಗ್ಗೆ ಪರೀಕ್ಷೆ ನಡೆಸುವವರ ಪ್ರಕಟಣೆ ಬಂತು. ಈ ಬಾರಿ ಮೌಲ್ಯಮಾಪನ ಒಂದು ವಾರ ತಡವಾಗಲಿದೆ. ಒಂದೇ ಸಾಲು! ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ.

ಫೋನ್ ಮಾಡಿದಳು. ಪತ್ರ ಬರೆದಳು. ಕೊನೆಗೆ ಹದಿಮೂರರಂದು ಬಸ್ಸು ಹತ್ತಿ ಐದು ಗಂಟೆ ಪ್ರಯಾಣ ಮಾಡಿ ಆ ಕಾಲೇಜಿಗೇ ಹೋದಳು. ಪ್ರವೇಶ ವಿಭಾಗದ ಹೆಂಗಸು ಕೆಟ್ಟವಳಲ್ಲ. ಕುರ್ಚಿ ಕೊಟ್ಟು ಕೂರಿಸಿದಳು. ಕಪಾಟು ತೆಗೆದು ಒಂದು ಕಟ್ಟು ತೋರಿಸಿದಳು.

“ಇವೆಲ್ಲ ಇಂಥದೇ ಪತ್ರಗಳಮ್ಮ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ನನ್ನ ಕೈಲಿಲ್ಲ.”

ಕಿಟಕಿಯಾಚೆ ಸಮುದ್ರ ಹೊಳೆಯುತ್ತಿತ್ತು. ಮೀನು ನೋಡಬೇಕಾಗಿದ್ದ ಸಮುದ್ರ! ಅವಳಿಗೆ ಆ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಹದಿನೆಂಟನೇ ತಾರೀಖು ಅಂಕ ಬಂತು. ನೂರಕ್ಕೆ ತೊಂಬತ್ತೇಳು ಮಂದಿಗಿಂತ ಮುಂದಿದ್ದಳು ಹುಡುಗಿ. ಆ ಅಂಕ ಈಗ ಯಾರಿಗೆ ಬೇಕಿತ್ತು?

ಅದೇ ದಿನ ಮಧ್ಯಾಹ್ನ ಅವನು ಬಂದ. ಕೂರಲಿಲ್ಲ. ಕಣ್ಣು ಕೆಂಪಾಗಿತ್ತು.

“ಅವಳು ಮೂರು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದಾಳೆ. ಒಂದು ಮಾತು ಕೇಳ್ತೀನಿ, ಹೇಳಿ.” ಗೋಡೆಯ ಬರಹದ ಕಡೆ ಬೆರಳು ತೋರಿಸಿದ. “ಊರಿಗೆಲ್ಲ ಇದೇ ನಿಯಮ. ನನ್ನ ತಂಗಿಗೆ ಮಾತ್ರ ಯಾಕೆ ಕೊನೇ ತಾರೀಖು?”

‘ಹೇಳಿಬಿಡು... ಅವಳ ಕೈ ನಡುಗುತ್ತಿತ್ತು ಅಂತ ಹೇಳಿಬಿಡು!’ ಒಳಗೆ ಯಾರೋ ಕೂಗಿದರು. ಆದರೆ ಗೋಡೆಗೆ ಮುಖ ಮಾಡಿ ಮಲಗಿದ ಹುಡುಗಿಯ ತಲೆಗೆ ಈಗ ಆ ತಪ್ಪನ್ನೂ ಕಟ್ಟಲೇ?

“ಅವಳಿಗೆ... ಅಭ್ಯಾಸ ಬೇಕಿತ್ತು.”

“ಅಷ್ಟೇನಾ?” ಅವನ ದನಿ ಒಡೆಯಿತು. “ಇಲ್ಲಾ... ನಾನು ಇನ್ನೆರಡು ತಿಂಗಳು ಬರ್ತಾ ಇರ್ಲಿ ಅಂತಾನಾ?”

ಇಲ್ಲ ಅನ್ನಬೇಕಿತ್ತು. ಒಂದೇ ಪದ! ಆದರೆ ಜುಲೈನ ಆ ಮಧ್ಯಾಹ್ನ ಕಣ್ಣುಬಿಟ್ಟ ಆ ಪುಟ್ಟ ಸಂತೋಷ ಅವಳನ್ನು ತಡೆದು ನಿಲ್ಲಿಸಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಆ ಮೌನವನ್ನು ಅವನು ನೋಡಿದ. ಪೂರ್ತಿಯಾಗಿ ನೋಡಿದ.

“ಅರ್ಥ ಆಯ್ತು,” ಅಂದ. “ನನ್ನ ಇಷ್ಟಾನೇ ನನ್ನ ಮೀನುಗೆ ಉರುಳಾಯ್ತು.”

ಮೆಟ್ಟಿಲಿಳಿಯುವ ಸದ್ದು ಮೂರು ಮಹಡಿ ಕೆಳಗಿನವರೆಗೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಗೋಡೆಯ ಹಾಳೆಯನ್ನು ತಾನೇ ಕಿತ್ತು ಹರಿದಳು.

*

ಅಮ್ಮ ಏನೂ ಕೇಳಲಿಲ್ಲ. ಮಗಳು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರೆ, “ತಿನ್ನೋದು ಯಾವಾಗ?” ಅಂತ ಮಾತ್ರ ಅನ್ನುತ್ತಿದ್ದರು. ಒಂದು ದಿನ ಮಾತ್ರ ತಲೆ ಸವರುತ್ತ ಕೇಳಿದರು.

“ಹುಡುಗ ಒಳ್ಳೆಯವನಾ?”

“ತುಂಬಾ ಒಳ್ಳೆಯವನಮ್ಮ.”

“ಮತ್ತೆ?”

“ನಾನು ಅವನ ಮನೆ ದೀಪ ಆರಿಸಿದೆ.”

ಅಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಮಗಳ ತಲೆಯನ್ನು ಮಡಿಲಿಗೆಳೆದುಕೊಂಡರು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಒಂದು ಶಾಲೆಯ ಕಚೇರಿಯಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎಷ್ಟೋ ಸಲ ಕಾಲು ತಾನಾಗಿ ಕನ್ನಡಕದ ಅಂಗಡಿಯ ರಸ್ತೆಗೆ ತಿರುಗುತ್ತಿತ್ತು. ತಿರುವಿನಲ್ಲೇ ನಿಂತು ವಾಪಸಾಗುತ್ತಿದ್ದಳು. ಮೀನು ಬೇರೆ ಊರಿನ ಬೇರೆ ಕಾಲೇಜಿಗೆ ಸೇರಿದಳು ಎಂಬ ಸುದ್ದಿ ಜೂನ್‌ನಲ್ಲಿ ಸೆಂಟರಿನ ಮುಂದಿನ ಮೇಜಿನ ಅಕ್ಕನಿಂದ ಬಂತು. ಪ್ರಾಣಿಶಾಸ್ತ್ರವಂತೆ. ಸುತ್ತ ನೂರು ಮೈಲಿಯಲ್ಲಿ ಸಮುದ್ರವಿಲ್ಲವಂತೆ.

ಆಗಸ್ಟ್ ಬಂತು. ಅವಳು ಕೆಲಸ ಮಾಡುವ ಶಾಲೆಯೇ ಈ ಬಾರಿ ಆ ಪ್ರವೇಶ ಪರೀಕ್ಷೆಯ ಕೇಂದ್ರ. ಅವಳನ್ನು ಆರನೇ ಕೋಣೆಯ ಮೇಲ್ವಿಚಾರಕಿಯಾಗಿ ಹಾಕಿದ್ದರು. ಬೆಳಗ್ಗೆ ಎಂಟಕ್ಕೆ ಅಭ್ಯರ್ಥಿಗಳ ಪಟ್ಟಿ ಕೈಗೆ ಬಂತು. ಹದಿನೇಳರ, ಹದಿನೆಂಟರ ಎಳೆಯ ಮುಖಗಳ ಫೋಟೋ ಸಾಲು...

ಹನ್ನೆರಡನೇ ಫೋಟೋದಲ್ಲಿ ಅವನು!

ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಆ ಮಕ್ಕಳ ನಡುವೆ, ಹೊಸದಾಗಿ ಕ್ಷೌರ ಮಾಡಿಕೊಂಡ ಆ ಮುಖ...

ಓಡುತ್ತ ಮುಖ್ಯ ಮೇಲ್ವಿಚಾರಕರ ಬಳಿ ಹೋದಳು. ನಿವೃತ್ತ ಹೆಡ್ಮಾಸ್ಟರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಗಂಟೆ.

“ಸರ್, ಆರನೇ ಕೋಣೇಲಿ ನನಗೆ ಪರಿಚಯದವರಿದಾರೆ. ನನ್ನನ್ನ ಬೇರೆ ಕೋಣೆಗೆ ಹಾಕಿ.”

“ಈಗ ಹೇಳ್ತೀರಲ್ಲಮ್ಮಾ!” ಅವರು ಗೊಣಗುತ್ತ ಒಂದು ಫಾರಂ ಎಳೆದರು. “ಸಂಬಂಧ ಏನು?”

ಅವಳು ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿದಳು, ಬಿಡಿಸಿದಳು.

“ಅಣ್ಣನಾ? ತಮ್ಮನಾ? ಗಂಡನಾ? ಏನೋ ಒಂದು ಬರೀಬೇಕಲ್ಲ!”

“ಏನೂ... ಆಗಬೇಕಿಲ್ಲ ಸರ್.”

ಹೆಡ್ಮಾಸ್ಟರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದರು. ನಲವತ್ತು ವರ್ಷ ಮಕ್ಕಳ ಮುಖ ಓದಿದವರು. ಮತ್ತೇನೂ ಕೇಳದೆ ಆ ಜಾಗ ಖಾಲಿ ಬಿಟ್ಟು ಸಹಿ ಮಾಡಿದರು. “ಒಂದನೇ ಕೋಣೆಗೆ ಹೋಗಿ. ನೀರು ಕುಡಿದು ಹೋಗಿ.”

ಮೂರು ಗಂಟೆಯ ಪರೀಕ್ಷೆ. ಒಂದನೇ ಕೋಣೆಯ ಬೆಂಚುಗಳ ನಡುವೆ ಅವಳು ಎಷ್ಟು ಸಲ ನಡೆದಳೋ! ಐದು ಕೋಣೆ ಆಚೆ ಅವನು ಬರೆಯುತ್ತಿದ್ದಾನೆ ಎಂಬುದೊಂದೇ ತಲೆಯಲ್ಲಿ. ‘ಚೆನ್ನಾಗಿ ಬರೀಲಿ... ನನ್ನ ಕಣ್ಣಿಗೆ ಬೀಳದೆ ಹೋದರೂ ಸರಿ, ಚೆನ್ನಾಗಿ ಬರೀಲಿ...’

ಕೊನೆಯ ಗಂಟೆ ಹೊಡೆಯಿತು. ಉತ್ತರಪತ್ರಿಕೆ ಎಣಿಸಿ, ಕಟ್ಟಿ, ಮುದ್ರೆ ಹಾಕಿ, ಸಹಿ ಮಾಡಿ ಹೊರಬರುವಷ್ಟರಲ್ಲಿ ಅಂಗಳ ಬಹುಪಾಲು ಖಾಲಿಯಾಗಿತ್ತು. ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ.

ಅವಳನ್ನು ಕಂಡು ಎದ್ದು ನಿಂತ.

“ಪರೀಕ್ಷೆ... ಹೇಗಾಯ್ತು?” ಅವಳೇ ಕೇಳಿದಳು.

“ಪಕ್ಕದ ಹುಡುಗಿ ನನ್ನನ್ನ ‘ಅಂಕಲ್’ ಅಂದಳು. ಅದು ಬಿಟ್ಟರೆ ಪರವಾಗಿಲ್ಲ.” ನಗಲು ಹೋದ. ಆಗಲಿಲ್ಲ. “ಕೆಲಸದ ಜೊತೆ ಓದೋ ಕೋರ್ಸ್ ಇದೆ, ಕಣ್ಣು ಪರೀಕ್ಷೆ ಮಾಡೋದು. ಮೀನುನೇ ಫಾರಂ ತುಂಬಿದ್ದು. ನೀವು ಈ ಶಾಲೇಲಿ ಇದೀರ ಅಂತ ಗೊತ್ತಿತ್ತು. ನೀವು ಆಚೆ ಬರೋವರೆಗೂ ಕೂರೋಣ ಅಂತ ಮನೆ ಬಿಡುವಾಗಲೇ ಅಂದ್ಕೊಂಡಿದ್ದೆ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಜೂನ್‌ನಲ್ಲಿ ಮೀನುನ ರೈಲು ಹತ್ತಿಸೋಕೆ ಹೋಗಿದ್ದೆ,” ಅವನು ಮುಂದುವರಿಸಿದ. “ರೈಲು ಹೊರಡೋಕೆ ಎರಡು ನಿಮಿಷ ಇತ್ತು. ಕಿಟಕಿಯಿಂದ ಹೇಳಿದಳು... ನಲ್ಲಿ ಹತ್ರ ನಿಂತಿದ್ದು, ಕೈ ನಡುಗ್ತಿದ್ದಿದ್ದು, ನಿಮ್ಮಿಂದ ಮಾತು ತಗೊಂಡಿದ್ದು. ಎಲ್ಲಾ. ಆಮೇಲೆ ರೈಲು ಹೋಯ್ತು. ನಾನು ಪ್ಲಾಟ್‌ಫಾರ್ಮ್ ಮೇಲೆ ಕೂತೇ ಇದ್ದೆ. ಎರಡು ತಿಂಗಳು ಬೇಕಾಯ್ತು ನಿಮ್ಮ ಮುಂದೆ ಬಂದು ನಿಲ್ಲೋಕೆ. ಯಾಕೆ ಹೇಳ್ಲಿಲ್ಲ? ನಾನು ಅಷ್ಟು ಕೆಟ್ಟದಾಗಿ ಅಂದಾಗಲೂ?”

“ಮಾತು ಕೊಟ್ಟಿದ್ದೆ.”

“ಕ್ಷಮಿಸಿಬಿಡಿ ನನ್ನ.”

“ಬೇಡ...” ಅವಳು ತಲೆಯಾಡಿಸಿದಳು. ಕಣ್ಣೀರು ತಡೆಯಲಾಗಲಿಲ್ಲ. “ಪೂರ್ತಿ ಕೇಳಿಸ್ಕೊಳ್ಳಿ. ಮೀನು ಕೇಳಿದ್ಲು, ಅದು ನಿಜ. ಆದ್ರೆ ನೀವು ಇನ್ನೆರಡು ತಿಂಗಳು ಬರ್ತೀರ ಅಂತ ನನಗೆ ಒಳಗೊಳಗೇ ಖುಷಿಯಾಗಿತ್ತು. ಅದೂ ನಿಜ. ಆ ಖುಷಿ ಇಲ್ದೇ ಇದ್ರೆ ನಾನು ಇನ್ನೊಂದು ದಾರಿ ಹುಡುಕ್ತಿದ್ನೇನೋ. ಗೊತ್ತಿಲ್ಲ. ಒಂಬತ್ತು ತಿಂಗಳಿಂದ ಅದನ್ನೇ ಕೇಳ್ಕೋತಿದೀನಿ, ಉತ್ತರ ಸಿಕ್ಕಿಲ್ಲ. ನಿಮಗೆ ಆವತ್ತೇ ಹೇಳಬೇಕಿತ್ತು... ನನಗೂ ನೀವಂದ್ರೆ ಪ್ರಾಣ. ಅದಕ್ಕೇ ನಿಮಗೆ ಸುಳ್ಳು ಹೇಳೋಕೆ ಆಗ್ಲಿಲ್ಲ.”

ಅಂಗಳದಲ್ಲಿ ಯಾರೋ ಬೆಂಚು ಎಳೆಯುವ ಸದ್ದು.

“ಆ ಸಮುದ್ರ ಮೀನುಗೆ ಸಿಗ್ಲಿಲ್ಲ,” ಅಂದ ನಿಧಾನವಾಗಿ. “ಫೋನಲ್ಲಿ ನಗ್ತಾಳೆ. ಆದ್ರೆ ನನಗೆ ಗೊತ್ತಾಗುತ್ತೆ. ಆ ನೋವು ಹೋಗಲ್ಲ.”

“ನನಗೂ ಹೋಗಲ್ಲ.”

“ಹೋಗೋದು ಬೇಡ ಬಿಡಿ. ಒಬ್ಬೊಬ್ಬರೇ ಹೊತ್ತು ಹೊತ್ತು ಸಾಕಾಯ್ತು. ಇಬ್ಬರೂ ಸೇರಿ ಹೊರೋಣ.”

ಅವನು ಕೈ ಚಾಚಿದ. ಅವಳು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು, ಮೊದಲ ಸಲ.

“ಊಟ ಆಯ್ತಾ?” ಕೇಳಿದ ಅವನು, ಕಣ್ಣೊರೆಸಿಕೊಳ್ಳುತ್ತ.

“ಇಲ್ಲ.”

“ಮತ್ತೆ... ಬನ್ನಿ.”

ಅವಳು ಕದಲಲಿಲ್ಲ.

“‘ಬನ್ನಿ’ ಅಂದ್ರೆ ಬರಲ್ಲ,” ಅಂದಳು ಮೆಲ್ಲಗೆ. “‘ಬಾ’ ಅನ್ನಿ.”

“ನೀವೇ ಇನ್ನೂ ‘ಅನ್ನಿ’ ಅಂತಿದೀರಲ್ಲ!”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

“...ಅನ್ನು.”

“ಬಾ.”